ಉಲ್ಲಾಳದ ಮನೆಯ ವೀಳ್ಯ

ಕೆಟ್ಟ ಹೆಸರು ಬಂದವನ ಕಷ್ಟ ಎಲ್ಲರಿಗೂ ಗೊತ್ತು. ಒಳ್ಳೆಯ ಹೆಸರು ಅತಿಯಾಗಿ ಬಂದವನ ಕಷ್ಟ ಅದಕ್ಕಿಂತ ದೊಡ್ಡದು ಎನ್ನುವುದನ್ನು ಸಾಣೆಗುರುವನಹಳ್ಳಿಯ ಹನುಮಂತಯ್ಯ ಅರವತ್ತಾರನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು. ಹನುಮಂತಯ್ಯ ಮರೆಯುವ ಮನುಷ್ಯನಲ್ಲ ಎಂದು ಸುತ್ತಲ ಹಳ್ಳಿಗಳೆಲ್ಲ ಹೇಳುತ್ತಿದ್ದವು. ಕೊನೆಗೆ ಆ ಹೆಸರೇ ಅವನ ಮಗಳ ತವರಿನ ದಾರಿಗೆ ಅಡ್ಡ ಬಂತು.

ಅವನ ಕೆಲಸ ವೀಳ್ಯ ಕೂಗುವುದು. ಕೂಲಿಯ ಕೆಲಸವಲ್ಲ, ಮರ್ಯಾದೆಯ ಕೆಲಸ. ಅವರ ಕಡೆಯ ಒಕ್ಕಲು ಮನೆಗಳಲ್ಲಿ ಮದುವೆಯೆಂದರೆ, ಧಾರೆಗೆ ಮುಂಚೆ ಚಪ್ಪರದ ನಡುವೆ ಕರಿ ಕಂಬಳಿ ಹಾಸಿ, ಹಿತ್ತಾಳೆಯ ಹರಿವಾಣದಲ್ಲಿ ಎಲೆ ಅಡಿಕೆ ರಾಶಿ ಇಟ್ಟು, ಒಬ್ಬ ಹಿರಿಯ ಕೂತು ಒಂದೊಂದು ಮನೆತನದ ಹೆಸರು ಹಿಡಿದು ಕೂಗಬೇಕು. ಮೊದಲು ದೇವರ ವೀಳ್ಯ, ಆಮೇಲೆ ಗುರುವಿನ ವೀಳ್ಯ, ಆಮೇಲೆ ಊರೂರಿನ ಮನೆಗಳದ್ದು. ಹೆಸರು ಬಿದ್ದ ಮನೆಯವನು ಎದ್ದು ಬಂದು ಎರಡು ಕೈಯಲ್ಲಿ ಎಲೆ ತೆಗೆದುಕೊಂಡರೆ ಆ ಮನೆ ಮದುವೆಗೆ ಒಪ್ಪಿದಂತೆ. ಹೆಸರು ಬೀಳದ ಮನೆ ಆ ಚಪ್ಪರದಲ್ಲಿ ಇಲ್ಲದಂತೆ. ಹಾಗೆಂದು ಎದ್ದು ನಿಂತು 'ನಮ್ಮದು ಬಿಟ್ಟಿರಲ್ಲ' ಎನ್ನುವ ಹಾಗೂ ಇಲ್ಲ. ಕೇಳಿ ಪಡೆದ ವೀಳ್ಯ ವೀಳ್ಯವೇ ಅಲ್ಲ. ಅನುಮಾನ ಬಂತೆಂದು ಎರಡು ಸಲ ಕೂಗಿದರೆ ಇನ್ನೂ ಅನಾಹುತ. ಒಂದೇ ಮನೆಯ ಹೆಸರನ್ನು ಎರಡು ಸಲ ಕೂಗುವುದು ಆ ಮನೆಯಲ್ಲಿ ಸಾವಾದಾಗ, ತಿಥಿಯ ದಿನ ಮಾತ್ರ.

ಒಟ್ಟು ಮೂವತ್ತೊಂದು ಮನೆ. ಕಾಗದವಿಲ್ಲ, ಪಟ್ಟಿಯಿಲ್ಲ. ಹನುಮಂತಯ್ಯನಿಗೆ ಅದಕ್ಕೊಂದು ಉಪಾಯವಿತ್ತು, ಅವನ ಅಪ್ಪ ಹೇಳಿಕೊಟ್ಟದ್ದು. ಕಂಬಳಿಯ ಮೇಲೆ ಕೂತು, ಕಣ್ಣು ಅರ್ಧ ಮುಚ್ಚಿ, ಅವನು ಮನಸ್ಸಿನಲ್ಲೇ ನಡೆಯುತ್ತಿದ್ದ. ಮನೆಯ ಹೊಸಿಲು ದಾಟಿ, ಕಾಮಾಕ್ಷಿಪಾಳ್ಯ ಹಾದು, ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ಅಲ್ಲಿಂದ ಹೇರೋಹಳ್ಳಿ, ಎಡಕ್ಕೆ ಇಳಿದರೆ ಮಲ್ಲತ್ತಹಳ್ಳಿ ಕೆರೆ ಏರಿ, ಏರಿ ದಾಟಿದರೆ ಉಲ್ಲಾಳ, ಮುಂದೆ ಕೆಂಗೇರಿ, ಮೈಸೂರು ರಸ್ತೆಯಲ್ಲಿ ವಾಪಸು ನಾಯಂಡಹಳ್ಳಿ, ಮೂಡಲಪಾಳ್ಯ, ಮತ್ತೆ ಮನೆ. ದಾರಿಯ ಪ್ರತಿ ಜಗಲಿಯ ಮುಂದೆ ಒಂದು ಗಳಿಗೆ ನಿಂತು ಆ ಮನೆಯ ಹೆಸರು ಕೂಗುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಜಗಲಿಯೂ ತಪ್ಪಿರಲಿಲ್ಲ. ಮದುವೆ ಮುಗಿದ ಮೇಲೆ ನಿಜವಾಗಿ ಅಷ್ಟು ದೂರ ನಡೆದವನಂತೆ ಕಾಲು ನೀವಿಕೊಳ್ಳುತ್ತಿದ್ದ. ಜನ ನಗುತ್ತಿದ್ದರು.

ಈ ಎರಡು ಮೂರು ವರ್ಷದಿಂದ ಏನೋ ಆಗುತ್ತಿತ್ತು. ರೋಗವೆಂದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಕಿವಿ ಚೆನ್ನಾಗಿಯೇ ಇತ್ತು. ಹಿತ್ತಲಲ್ಲಿ ಹುಣಸೆಕಾಯಿ ಉದುರಿದರೆ ಕೇಳುತ್ತಿತ್ತು. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಮಾತು ರಾಗಿಯೂ ಸಾಸಿವೆಯೂ ಬೆರೆತಂತೆ ಬೆರೆತುಹೋಗುತ್ತಿದ್ದವು. ಅವನು ಆರಿಸಿಕೊಳ್ಳುವ ಹೊತ್ತಿಗೆ ಅವರು ಮೂರನೆಯ ಮಾತಿಗೆ ಹೋಗಿರುತ್ತಿದ್ದರು. ಕಾಫಿ ಹೋಟೆಲಿನ ಬೆಂಚಿನ ಮೇಲೆ ನಾಲ್ಕು ಜನ ಸೇರಿ ನಕ್ಕರೆ ಇವನದು ಐದನೆಯ ನಗು, ಎಲ್ಲರದೂ ಮುಗಿದ ಮೇಲೆ. ಗೊತ್ತಿರುವ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂರುತ್ತಿತ್ತು. ಎರಡು ಗಂಟೆ ಬಿಟ್ಟು, ಸ್ನಾನಕ್ಕೆ ಕೂತು ತಲೆಗೆ ನೀರು ಹೊಯ್ದುಕೊಂಡಾಗ, ಕರೆಯದೆ ಬರುತ್ತಿತ್ತು. ಆಗ ಯಾರಿಗೆ ಬೇಕು ಅದು?

ಉತ್ತರ ಹೊಳೆಯದೆ ಸುಮ್ಮನೆ ಕೂತರೆ ಜನ ಕಿವುಡು ಎಂದುಕೊಂಡು ಕಿರುಚುತ್ತಿದ್ದರು. ಕಿರುಚಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಂಡರೆ ಹೊಳೆಯುತ್ತಿದ್ದದ್ದೂ ಹಾರಿಹೋಗುತ್ತಿತ್ತು. ಹೀಗಾಗಿ ಅವನು ಮಾತೇ ಕಡಿಮೆ ಮಾಡಿದ. ಮಾತು ಕಡಿಮೆಯಾದ ಮೇಲೆ ಊರವರು 'ಹನುಮಂತಯ್ಯ ಎಷ್ಟು ಗಂಭೀರ ನೋಡಿ' ಎಂದರು. ಆ ಹೆಸರೂ ಬಂತು, ಹಳೆಯದರ ಜೊತೆಗೆ.

ಇದು ಗೊತ್ತಿದ್ದವಳು ಹೆಂಡತಿ ಲಿಂಗಮ್ಮ ಒಬ್ಬಳೇ. "ಒಲೆ ಮುಂದೆ ನಿಂತು ನಾನು ಹೇಳಿದ್ಕೆಲ್ಲ ಹೂಂ ಅಂತೀರಿ. ಹೂಂ ಅಂದಿದ್ದು ಯಾವ್ದಕ್ಕೆ ಅಂತ ಕೇಳಿದ್ರೆ ಮಕ ನೋಡ್ತೀರಿ," ಎನ್ನುತ್ತಿದ್ದಳು. ಬೈಗುಳವೇ, ಆದರೆ ಆಮೇಲೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅದೇ ಮಾತನ್ನು ಇನ್ನೊಂದು ಸಲ, ನಿಧಾನವಾಗಿ ಹೇಳುತ್ತಿದ್ದಳು.

ಮಗಳು ಅಂಜಮ್ಮ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ, ದೇವರೂ ಬೇಸತ್ತು ಕೊಟ್ಟಂತೆ ಹುಟ್ಟಿದ ಒಬ್ಬಳೇ ಮಗಳು. ಅವಳನ್ನು ಹೋದ ವರ್ಷ ಉಲ್ಲಾಳದ ದೊಡ್ಡಹನುಮಯ್ಯನ ಮನೆಗೆ ಕೊಟ್ಟಿದ್ದರು. ದೊಡ್ಡಹನುಮಯ್ಯ ಹನುಮಂತಯ್ಯನ ವಯಸ್ಸಿನವನೇ, ಗದ್ದೆ ತೋಟ ಇದ್ದವನು. ಕೆಟ್ಟವನಲ್ಲ, ಆದರೆ ಬಿಗಿ ಮನುಷ್ಯ. ಈ ಯುಗಾದಿಗೆ ಮಗಳನ್ನು ಕರೆತರಲು ಹನುಮಂತಯ್ಯ ಉಲ್ಲಾಳಕ್ಕೆ ನಡೆದು ಹೋದರೆ, ಆತ ಜಗಲಿಯ ಮೇಲೇ ನಿಲ್ಲಿಸಿಕೊಂಡು, "ಈ ವರ್ಸ ಇಲ್ಲೇ ಇರ್ಲಿ ಬೀಗ್ರೇ, ಮನೇಲಿ ಕೆಲ್ಸ ಐತೆ," ಎಂದುಬಿಟ್ಟ. ಒಂದು ಲೋಟ ನೀರು ಕುಡಿದು ಹೋಗಿ ಎನ್ನಲಿಲ್ಲ. ಅಂಜಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ಎರಡು ತಿಂಗಳ ಬಸುರಿ, ಮುಖ ಬಾಡಿತ್ತು. ಹನುಮಂತಯ್ಯ ಒಬ್ಬನೇ ಬಂದ ದಾರಿಯಲ್ಲೇ ವಾಪಸು ನಡೆದ. ಈ ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತ್ತು.

ಇದಾದ ಮೇಲೆ ವೈಶಾಖದಲ್ಲಿ ನಾಯಂಡಹಳ್ಳಿಯಲ್ಲಿ ಒಂದು ಮದುವೆ. ಹನುಮಂತಯ್ಯ ಕಂಬಳಿಯ ಮೇಲೆ ಕೂತು ಎಂದಿನಂತೆ ನಡೆಯತೊಡಗಿದ. ಸುಂಕದಕಟ್ಟೆ ಆಯಿತು, ಹೇರೋಹಳ್ಳಿ ಆಯಿತು, ಮಲ್ಲತ್ತಹಳ್ಳಿಯ ಹೆಸರು ಕೂಗಿ ಕೆರೆ ಏರಿ ಹತ್ತಿದ್ದ. ಆಗ ಬೆನ್ನ ಹಿಂದಿನಿಂದ ಯಾರೋ ಬಗ್ಗಿ, "ಹನುಮಂತಣ್ಣ, ಅಡಿಕೆ ಸಾಲ್ತದಾ, ಇನ್ನೊಂದ್ ಸೇರು ತರ್ಲಾ?" ಎಂದರು. ಅವನು ಹರಿವಾಣ ನೋಡಿ, "ತಗಂಬಾ," ಎಂದ. ಅಷ್ಟೇ. ಮತ್ತೆ ಕಣ್ಣು ಮುಚ್ಚಿದಾಗ ಅವನು ಕೆಂಗೇರಿಯಲ್ಲಿದ್ದ. ಕೆಂಗೇರಿಯ ಮನೆಗಳನ್ನು ಕೂಗಿದ. ಮುಂದೆ ಹೋದ. ಮನಸ್ಸಿಗೆ ಏನೂ ತಪ್ಪಿದಂತೆ ಅನಿಸಲಿಲ್ಲ.

ಊಟದ ಪಂಕ್ತಿಯಲ್ಲಿ ನಾಲ್ಕು ಎಲೆ ಖಾಲಿ ಇದ್ದವು. "ಉಲ್ಲಾಳದೋರು ಎಲ್ಲಿ?" ಎಂದು ಹನುಮಂತಯ್ಯನೇ ಕೇಳಿದ. ಪಕ್ಕದವನು ತಲೆ ತಗ್ಗಿಸಿ ಅನ್ನ ಕಲಸಿದ. ಆಗ ಹನುಮಂತಯ್ಯನಿಗೆ ಕೆರೆ ಏರಿಯೂ ಕೆಂಗೇರಿಯೂ ನೆನಪಾದವು; ನಡುವೆ ಉಲ್ಲಾಳವಿರಲಿಲ್ಲ.

ಮರೆವು ಎಂದು ಒಬ್ಬನಾದರೂ ಹೇಳಬೇಕಲ್ಲ? ಒಬ್ಬನೂ ಹೇಳಲಿಲ್ಲ. ಹನುಮಂತಯ್ಯ ಮರೆಯುವುದುಂಟೇ! ಯುಗಾದಿಯ ಸೇಡು ತೀರಿಸಿಕೊಂಡ ಎಂದರು ಎಲ್ಲರೂ. ಕೆಲವರು ಮೆಚ್ಚಿಕೊಂಡು, "ಒಂದ್ ಮಾತಾಡ್ದೆ ಹೊಡ್ದೆ ಕಣಣ್ಣ," ಎಂದು ಬೆನ್ನು ತಟ್ಟಿದರು. ತಮ್ಮನಿಗೆ ಜ್ವರ ಬಂದಾಗ ಅಣ್ಣನಿಗೆ ಕಷಾಯ ಕುಡಿಸಿದಂತಿತ್ತು ಆ ಮೆಚ್ಚುಗೆ. ವಾರ ಕಳೆಯುವುದರೊಳಗೆ ಉಲ್ಲಾಳದಿಂದ ಮಾತು ಬಂತು: ನಮ್ಮ ಮನೆಯ ಹೆಸರೇ ಬೇಡವಾದವರ ಮನೆಗೆ ನಮ್ಮ ಸೊಸೆ ಬರುವುದಿಲ್ಲ. ಬಾಣಂತನ ಇಲ್ಲೇ ಆಗುತ್ತದೆ.

ಚೊಚ್ಚಲ ಬಸುರಿ ತವರಿಗೆ ಬಾರದೆ ಹೆರುವುದೆಂದರೆ! ಲಿಂಗಮ್ಮ ಆ ದಿನ ಒಲೆ ಹಚ್ಚಲಿಲ್ಲ. ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟು ಕೂಸಿಗೆಂದು ಕಾದಿದ್ದವಳು, ಆ ಗಂಟನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಹನುಮಂತಯ್ಯ ಜ್ಯೇಷ್ಠದಲ್ಲಿ ಉಲ್ಲಾಳಕ್ಕೆ ಹೋದ. ಜಗಲಿಯ ಮೇಲೆ ದೊಡ್ಡಹನುಮಯ್ಯನ ಜೊತೆ ಇನ್ನೂ ನಾಲ್ಕು ಜನ ಕೂತಿದ್ದರು. ವಯಸ್ಸಾಯಿತು, ಮರೆತೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತು ಬಂದಿದ್ದ. ನಾಲ್ಕು ಮುಖ ನೋಡಿದ ಮೇಲೆ ಅವನ ಬಾಯಿಂದ ಬಂದದ್ದು ಬೇರೆಯೇ.

"ಅವತ್ತು ಗದ್ಲ ಇತ್ತು ಬೀಗ್ರೇ," ಎಂದ.

"ಗದ್ಲ ಇಲ್ದಿರೋ ಮದ್ವೆ ಯಾವ್ದು?" ಎಂದ ದೊಡ್ಡಹನುಮಯ್ಯ. "ಮೂವತ್ತು ವರ್ಸದಿಂದ ಇಲ್ದಿರೋ ಗದ್ಲ ನಮ್ಮನೆ ಮುಂದೇನೇ ಆಯ್ತಾ? ಬೇರೆಯೋರು ಮರ್ತೆ ಅಂದ್ರೆ ನಂಬ್ತಿದ್ದೆ. ನೀವು ಮರ್ಯೋ ಆಸಾಮಿನಾ?"

ಇದಕ್ಕೆ ಒಂದು ಒಳ್ಳೆಯ ಉತ್ತರವಿತ್ತು. ಅದು ಹನುಮಂತಯ್ಯನಿಗೆ ಹೊಳೆದದ್ದು ಮಲ್ಲತ್ತಹಳ್ಳಿ ಏರಿ ಅರ್ಧ ದಾಟಿದ ಮೇಲೆ. ಏರಿಯ ಮೇಲೆ ನಿಂತು, ಯಾರೂ ಇಲ್ಲದ ಕೆರೆಗೆ, ಅದನ್ನು ಗಟ್ಟಿಯಾಗಿ ಹೇಳಿ ಮನೆಗೆ ಬಂದ.

"ಮರ್ತೆ ಅಂತ ಒಂದ್ ಮಾತು ಅಂದಿದ್ರೆ ನಿಮ್ಮ ನಾಲ್ಗೆ ಸವೀತಿತ್ತಾ?" ಎಂದು ಲಿಂಗಮ್ಮ ಕೇಳಿದಳು.

"ನಾಲ್ಕು ಜನ ಇದ್ರು ಕಣೇ."

"ನಾಲ್ಕು ಜನ ಇಲ್ದಿರೋ ಕಡೆ ಯಾರ್ ಮರ್ಯಾದೆ ಯಾರ್ ಕಳೀತಾರೆ? ನೀವು ಅವ್ರ ಮರ್ಯಾದೆ ಕಳ್ದಿದ್ದು ನಾನೂರು ಜನದ ಮುಂದೆ."

ಅದಕ್ಕೆ ಉತ್ತರ ಆ ದಿನವೂ ಹೊಳೆಯಲಿಲ್ಲ, ಮಾರನೆಯ ದಿನವೂ ಹೊಳೆಯಲಿಲ್ಲ.

ಶ್ರಾವಣ ಬಂತು. ಹನುಮಂತಯ್ಯನ ತಮ್ಮ ನಂಜುಂಡಪ್ಪನ ಮಗಳು ಜಯದೇವಿಗೆ ಮದುವೆ ಗೊತ್ತಾಯಿತು. ನಂಜುಂಡಪ್ಪ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಊರು ಬಿಟ್ಟು ರಾಜಾಜಿನಗರದ ಹೊಸ ಬಡಾವಣೆಗೆ ಹೋಗಿದ್ದ. ಬಡಾವಣೆಯೆಂದರೆ ಅರ್ಧ ಮನೆ, ಅರ್ಧ ಕಲ್ಲು ನೆಟ್ಟ ಬಯಲು; ಹಿಂದೆ ಅವರದೇ ರಾಗಿ ಹೊಲವಿದ್ದ ಕಡೆ ಈಗ ಅಡ್ಡರಸ್ತೆಗೆ ನಂಬರು. ಗಂಡಿನ ಕಡೆಯವರು ದೊಡ್ಡಹನುಮಯ್ಯನಿಗೆ ಹತ್ತಿರದ ನಂಟರು. ಹಾಗಾಗಿ ಆತ ಬರಲೇಬೇಕು. ಬಂದರೆ ಅವನ ಮನೆಯ ವೀಳ್ಯ ಕೂಗಬೇಕು, ಸರಿಯಾಗಿ, ಸರಿಯಾದ ಜಾಗದಲ್ಲಿ. ಈ ಸಲ ಸರಿಹೋದರೆ ಅಂಜಮ್ಮ ಬರುತ್ತಾಳೆ. ಈ ಸಲವೂ ತಪ್ಪಿದರೆ ಜನ್ಮಕ್ಕೆ ತಪ್ಪಿದಂತೆ.

ಮದುವೆಯ ಹಿಂದಿನ ದಿನ ನಂಜುಂಡಪ್ಪ ಕಾರ್ಖಾನೆಯ ಬಿಳಿ ಕಾಗದದಲ್ಲಿ ಮೂವತ್ತೊಂದು ಮನೆಯ ಹೆಸರು ದಪ್ಪಕ್ಷರದಲ್ಲಿ ಬರೆದು ತಂದ.

"ಅಣ್ಣ, ಇದನ್ನ ಮುಂದೆ ಇಟ್ಕೊಂಡು ಕೂಗು. ಯಾರೂ ಏನೂ ಅನ್ನಲ್ಲ."

"ಪಟ್ಟಿ ನೋಡಿ ಕೂಗೋಕೆ ಇದೇನು ರೇಷನ್ ಅಂಗ್ಡಿನಾ?" ಎಂದ ಹನುಮಂತಯ್ಯ. "ವೀಳ್ಯ ಬಾಯಿಂದ ಬೀಳ್ಬೇಕು. ಕಾಗ್ದದಿಂದ ಬಿದ್ರೆ ಅದು ನೋಟೀಸು."

ನಂಜುಂಡಪ್ಪ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. ಲಿಂಗಮ್ಮ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಮದುವೆಯ ಬೆಳಗ್ಗೆ ಹನುಮಂತಯ್ಯ ಚಪ್ಪರಕ್ಕೆ ಬಂದು ನೋಡಿದರೆ ಕಂಬಳಿಯ ಮುಂದೆ ಒಂದು ಕಬ್ಬಿಣದ ಕಡ್ಡಿ, ಅದರ ತುದಿಗೆ ಬೆಂಡೆಕಾಯಿ ಗಾತ್ರದ ಮೈಕು. ನಂಜುಂಡಪ್ಪ ಬಾಡಿಗೆಗೆ ತಂದದ್ದು. ಬೀದಿಯ ತುದಿಯ ಹೊಂಗೆ ಮರಕ್ಕೆ ಎರಡು ದೊಡ್ಡ ಕಹಳೆ ಕಟ್ಟಿದ್ದರು. "ನಿನ್ನ ಗಂಟ್ಲು ಇನ್ಮೇಲೆ ನೋಯಲ್ಲ ಅಣ್ಣ, ನಾಕ್ನೇ ಬ್ಲಾಕ್ ತಂಕ ಕೇಳ್ತದೆ," ಎಂದು ತಮ್ಮ ಹೆಮ್ಮೆಯಿಂದ ಹೇಳಿದ. ಅವನ ಖುಷಿ ನೋಡಿ ಹನುಮಂತಯ್ಯನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ದೊಡ್ಡಹನುಮಯ್ಯ ಬಂದಿದ್ದ. ಚಪ್ಪರದ ಬಾಗಿಲ ಪಕ್ಕದಲ್ಲೇ, ಎಲ್ಲರಿಗಿಂತ ಹಿಂದೆ ಕೂತಿದ್ದ. ಚಪ್ಪಲಿಯನ್ನು ಹೊರಗೆ ಬಿಟ್ಟಿರಲಿಲ್ಲ. ತೊಡೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದ, ಎದ್ದು ಹೋಗಲು ಅನುಕೂಲವಾಗುವಂತೆ.

ಹನುಮಂತಯ್ಯ ಕೂತ. ದೇವರ ವೀಳ್ಯ ಕೂಗಿದ. ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಹೊಂಗೆ ಮರದ ಕಡೆಯಿಂದ ಇನ್ನೊಬ್ಬ ಹನುಮಂತಯ್ಯ ಅದನ್ನೇ ಕೂಗಿದ. ಇವನು ಬೆಚ್ಚಿಬಿದ್ದ. ತನ್ನದೇ ದನಿ, ಒಂದು ಗಳಿಗೆ ತಡವಾಗಿ. ಗುರುವಿನ ವೀಳ್ಯ ಕೂಗಿದ, ಮರವೂ ಕೂಗಿತು. ಇಬ್ಬರು ಒಟ್ಟಿಗೆ ಮಾತಾಡಿದರೆ ತಿಳಿಯದವನಿಗೆ ಈಗ ತಾನೇ ಇಬ್ಬರಾಗಿ ಕೂತಿದ್ದ.

ಆದರೂ ಹಲ್ಲು ಕಚ್ಚಿ ನಡೆದ. ಹೊಸಿಲು ದಾಟಿದ, ಕಾಮಾಕ್ಷಿಪಾಳ್ಯ ಹಾದ. ಮಾಗಡಿ ರಸ್ತೆಯಲ್ಲಿ ಬೆವರು ಒರೆಸಿಕೊಂಡ. ಸುಂಕದಕಟ್ಟೆಯ ನಾಲ್ಕು ಮನೆ ಕೂಗಿದ, ಹೇರೋಹಳ್ಳಿಗೆ ಹೊರಳಿದ. ಹಿಂದಿನ ಹೆಸರು ಮರದಿಂದ ವಾಪಸು ಬರುವಾಗ ಮುಂದಿನ ಹೆಸರು ಬಾಯಲ್ಲಿರುತ್ತಿತ್ತು. ಯಾವುದು ಈಗ ಹೇಳಿದ್ದು, ಯಾವುದು ಆಗಲೇ ಹೇಳಿದ್ದು? ಅಷ್ಟರಲ್ಲಿ ಅಡಿಗೆಯವನು ಬಂದು ನಂಜುಂಡಪ್ಪನ ಹತ್ತಿರ ಏನೋ ಕೇಳಿದ. ನಂಜುಂಡಪ್ಪ ಹೆಂಡತಿಯನ್ನು ಕರೆದ. ಹಿಂದೆ ಯಾವುದೋ ಕೂಸು ಅತ್ತಿತು. ಮೈಕು ಕುಂಯ್ ಎಂದು ಕಿರುಚಿತು. ಹನುಮಂತಯ್ಯ ಕಣ್ಣು ತೆರೆದ.

ಮತ್ತೆ ಮುಚ್ಚಿದಾಗ ದಾರಿ ಕಾಣಲಿಲ್ಲ.

ಏರಿಯ ಮೇಲಿದ್ದೇನೋ, ಏರಿ ಇಳಿದಿದ್ದೇನೋ? ಉಲ್ಲಾಳ ಆಯಿತೋ, ಇಲ್ಲವೋ? ಕಿವಿಯಲ್ಲಿ 'ಉಲ್ಲಾಳ' ಎಂದು ಕೇಳಿದಂತೆಯೇ ಇತ್ತು. ಆದರೆ ಅದು ಬೆಳಗಿನಿಂದ ಜಪಿಸಿ ಜಪಿಸಿ ಮನಸ್ಸಿನಲ್ಲಿ ಉಳಿದದ್ದೋ, ನಿಜವಾಗಿ ಕೂಗಿದ್ದೋ? ಬಿಟ್ಟು ಮುಂದೆ ಹೋದರೆ ಎರಡನೆಯ ಅವಮಾನ. ಕೂಗಿದ್ದನ್ನೇ ಮತ್ತೆ ಕೂಗಿದರೆ, ಮಗಳು ಬಸುರಿಯಾಗಿರುವ ಮನೆಗೆ ಸಾವಿನ ವೀಳ್ಯ. ಬಾಗಿಲ ಕಡೆ ನೋಡಿದ. ದೊಡ್ಡಹನುಮಯ್ಯನ ಮುಖದಲ್ಲಿ ಏನೂ ಬರೆದಿರಲಿಲ್ಲ. ಕೈಯಲ್ಲಿ ಎಲೆಯಿರಲಿಲ್ಲ, ಆದರೆ ಕೂಗಿದ್ದರೂ ಆತ ಸಿಟ್ಟಿನಲ್ಲಿ ಎದ್ದು ಬಾರದೆ ಕೂತಿರಬಹುದು. ಅವನ ಕೈ ಚಪ್ಪಲಿಯ ಮೇಲಿತ್ತು, ಆದರೆ ಅದು ಮೊದಲಿಂದಲೂ ಅಲ್ಲೇ ಇತ್ತು.

ಚಪ್ಪರ ಕಾಯುತ್ತಿತ್ತು. ಕಾದಷ್ಟೂ ಗುಸುಗುಸು ಹೆಚ್ಚಿತು. ಹನುಮಂತಯ್ಯನಿಗೆ ತಟ್ಟನೆ ವಿಪರೀತ ದಣಿವಾಯಿತು. ಮೂರು ತಿಂಗಳಿಂದ, ಅಲ್ಲ, ಮೂರು ವರ್ಷದಿಂದ, ತಿಳಿಯದ ಮಾತಿಗೆ ತಲೆಯಾಡಿಸಿ, ಬಾರದ ನಗು ನಕ್ಕು, ಗಂಭೀರವಾಗಿ ಕೂತು ಕೂತು ಬಂದ ದಣಿವು. ಇನ್ನು ಹೊರಲಾರೆ ಅನಿಸಿತು. ಕೈಯಲ್ಲಿದ್ದ ಎಲೆಯನ್ನು ಹರಿವಾಣಕ್ಕೆ ಹಾಕಿದ.

"ನಂಗೆ ಗೊತ್ತಾಗ್ತಾ ಇಲ್ಲ," ಎಂದ.

ಮರವೂ ಹಾಗೇ ಎಂದಿತು. ಗುಸುಗುಸು ನಿಂತಿತು.

"ಎಲ್ಲಿವರ್ಗೆ ಕೂಗಿದ್ದೀನಿ ಅಂತ ಗೊತ್ತಾಗ್ತಾ ಇಲ್ಲ. ಇಬ್ರು ಒಟ್ಗೆ ಮಾತಾಡಿದ್ರೆ ನಂಗೆ ಒಂದೂ ತಿಳಿಯಲ್ಲ. ಕಿವಿ ಕೇಳ್ತದೆ, ತಿಳಿಯಲ್ಲ. ನಡುವೆ ಒಬ್ರು ಮಾತಾಡ್ಸಿದ್ರೆ ಹಿಂದಿಂದು ಬಿಟ್ಟೋಗ್ತದೆ. ನಾಯಂಡಹಳ್ಳೀಲೂ ಅದೇ ಆಗಿದ್ದು. ಸೇಡು ಅಂದ್ರು, ಸುಮ್ನಿದ್ದೆ. ಮುದುಕ ಆದೆ ಅನ್ನೋಕಿಂತ ಸೇಡು ಅನ್ನೋದೇ ವಾಸಿ ಅಂತ ಸುಮ್ನಿದ್ದೆ. ಸೇಡಲ್ಲ. ವಯಸ್ಸಾಯ್ತು. ಮರ್ತೆ."

ಕೊನೆಯ ಮಾತು ಹೊಂಗೆ ಮರದಿಂದ ಇನ್ನೊಮ್ಮೆ ಬಂತು. ನಾಲ್ಕನೇ ಬ್ಲಾಕಿನವರೆಗೆ ಕೇಳಿರಬೇಕು. ನಂಜುಂಡಪ್ಪ ಓಡಿಹೋಗಿ ಮೈಕಿನ ತಂತಿಯನ್ನೇ ಕಿತ್ತ. ಎಲ್ಲರೂ ದೊಡ್ಡಹನುಮಯ್ಯನ ಕಡೆ ತಿರುಗಿದರು. ಆ ಗದ್ದಲದಲ್ಲಿ, ಮರದ ಮಾರುದನಿಯಲ್ಲಿ, ಅವನ ಹೆಸರು ಬಿತ್ತೋ ಇಲ್ಲವೋ ಯಾರಿಗೂ ಖಚಿತವಿರಲಿಲ್ಲ; ಅವನೇ ಹೇಳಬೇಕು. ಆದರೆ ಅವನು ಹೇಳುವಂತಿಲ್ಲ. ಕೇಳಿ ಪಡೆದದ್ದು ವೀಳ್ಯವಲ್ಲವಲ್ಲ.

ದೊಡ್ಡಹನುಮಯ್ಯ ಎದ್ದ. ಚಪ್ಪಲಿಯನ್ನು ಅಲ್ಲೇ ಬಿಟ್ಟ. ಜನರ ನಡುವೆ ಕಾಲು ಹಾಕಿಕೊಂಡು ಬಂದು ಕಂಬಳಿಯ ಅಂಚಿನಲ್ಲಿ ಕೂತ. ಮಂಡಿ ಎರಡೂ ಲಟಲಟ ಎಂದವು.

"ಮೊದ್ಲಿಂದ ನಡೀರಿ ಬೀಗ್ರೇ," ಎಂದ. "ನಾನೂ ಜೊತ್ಗೆ ಬತ್ತೀನಿ."

ಮೊದಲಿನಿಂದ ಕೂಗಬೇಕಾದರೆ ಕೊಟ್ಟ ಎಲೆಯೆಲ್ಲ ಹರಿವಾಣಕ್ಕೆ ವಾಪಸು ಬರಬೇಕು; ಆಗ ಮೊದಲ ಕೂಗು ಕೂಗಿಯೇ ಇಲ್ಲದಂತೆ, ಎರಡು ಸಲ ಕೂಗಿದ ದೋಷವಿಲ್ಲ. ಹಿರಿಯರು ಗೊಣಗುತ್ತಾ ಒಬ್ಬೊಬ್ಬರೇ ತಂದು ಹಾಕಿದರು. ಸುಂಕದಕಟ್ಟೆಯ ಕೃಷ್ಣಯ್ಯ ಮಾತ್ರ ಎದ್ದು ನಿಂತು ಬಾಯಿಗೆ ಕೈ ಅಡ್ಡ ಹಿಡಿದ. ಅವನ ಮನೆಯ ವೀಳ್ಯ ಆಗಲೇ ಕೆಂಪಾಗಿತ್ತು. ಚಪ್ಪರವೆಲ್ಲ ನಕ್ಕಿತು. ಅವನ ಮಗ ಹೊಸ ಎಲೆ ತಂದಿಟ್ಟ.

ಮತ್ತೆ ನಡಿಗೆ ಶುರುವಾಯಿತು. ಈಗ ಒಬ್ಬರೂ ಉಸಿರೆತ್ತಲಿಲ್ಲ. ದೊಡ್ಡಹನುಮಯ್ಯ ಪಕ್ಕದಲ್ಲಿ ಕೂತು ಬೆರಳು ಮಡಿಸುತ್ತಾ ಮುಂದಿನ ಊರನ್ನು ಮೆಲ್ಲಗೆ ಹೇಳುತ್ತಿದ್ದ. ಸುಂಕದಕಟ್ಟೆ ಮುಗಿಯಿತು. "ಇನ್ನು ಮಲ್ಲತ್ತಹಳ್ಳಿ," ಎಂದ ಅವನು.

ಹನುಮಂತಯ್ಯ ಕಣ್ಣು ತೆರೆಯಲಿಲ್ಲ. "ಹೇರೋಹಳ್ಳಿ ಬಿಟ್ರಿ," ಎಂದ.

"ಬಿಟ್ನಾ?" ಎಂದ ದೊಡ್ಡಹನುಮಯ್ಯ. ಮಡಿಸಿದ್ದ ಬೆರಳನ್ನು ಬಿಚ್ಚಿ, ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮುಂದಿನ ಊರು ಹೇಳುವುದನ್ನು ಬಿಟ್ಟು ಸುಮ್ಮನೆ ಜೊತೆಗೆ ಕೂತ.

ಹೇರೋಹಳ್ಳಿ, ಮಲ್ಲತ್ತಹಳ್ಳಿ, ಏರಿ. ಹನುಮಂತಯ್ಯ ಏರಿಯನ್ನು ಹೆಜ್ಜೆ ಹೆಜ್ಜೆಯಾಗಿ ದಾಟಿ ಇಳಿದ. "ಉಲ್ಲಾಳದ ದೊಡ್ಡಮನೆ ವೀಳ್ಯ!" ಎಂದು ಕೂಗಿದ. ದೊಡ್ಡಹನುಮಯ್ಯ ಕೂತಲ್ಲಿಂದಲೇ ಎರಡೂ ಕೈ ಒಡ್ಡಿದ. ಮೂವತ್ತೊಂದನೆಯ ಮನೆ ಮುಗಿದ ಮೇಲೆ ಹನುಮಂತಯ್ಯ ತಮ್ಮನನ್ನು ಕರೆದು, "ಆ ಕಾಗ್ದ ಎಲ್ಲೈತೆ? ಜೋಪಾನ ಮಡ್ಗು," ಎಂದ. ನಂಜುಂಡಪ್ಪ ತಲೆ ತಗ್ಗಿಸಿ ಜೇಬು ಮುಟ್ಟಿಕೊಂಡ.

ಆ ದಿನದಿಂದ ಜನ ಹನುಮಂತಯ್ಯನ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು, ಗಾಜಿನ ಸಾಮಾನು ಇಡುವಂತೆ. ಬೆಂಚಿನ ಮೇಲೆ ಅವನು ಬಂದು ಕೂತರೆ ಹರಟೆ ನಿಲ್ಲುತ್ತಿತ್ತು. ಒಬ್ಬ 'ಹೆಂಗಿದೀರಾ' ಎಂದು ಕೇಳುತ್ತಿದ್ದ, ಉಳಿದವರು ಉತ್ತರಕ್ಕೆ ಕಾಯುತ್ತಿದ್ದರು. ಅದು ಕಿರುಚುವುದಕ್ಕಿಂತ ಕಷ್ಟವಾಗಿತ್ತು. ಅವನು ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಎಂಟನೆಯ ದಿನ ಉಲ್ಲಾಳದ ಗಾಡಿ ಬಂತು. ಅಂಜಮ್ಮ ಇಳಿದಳು. ಲಿಂಗಮ್ಮ ಅಟ್ಟದಿಂದ ಗಂಟು ಇಳಿಸಿದಳು. ತಾಯಿ ಮಗಳು ಇಬ್ಬರೂ ಒಟ್ಟಿಗೆ ಅತ್ತರು, ಒಟ್ಟಿಗೆ ನಕ್ಕರು, ಒಟ್ಟಿಗೆ ಮಾತಾಡಿದರು. ಹನುಮಂತಯ್ಯ ಕಂಬಕ್ಕೆ ಒರಗಿ ಕೂತು, ಒಂದು ಮಾತೂ ತಿಳಿಯದೆ, ಸುಖವಾಗಿ ತಲೆಯಾಡಿಸಿದ. ತಲೆಯಾಡಿಸಬಾರದ ಕಡೆಯೂ ಆಡಿಸಿರಬೇಕು. ಅಂಜಮ್ಮ ಮಾತು ನಿಲ್ಲಿಸಿ ಅವನನ್ನೇ ನೋಡಿದಳು.

ಊಟವಾದ ಮೇಲೆ ಲಿಂಗಮ್ಮ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಅಂಜಮ್ಮ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಬಂದು ಅಪ್ಪನ ಎದುರಿಗೆ ಕೂತಳು.

"ಅಪ್ಪಾ, ನಾಯಂಡಹಳ್ಳೀಲಿ ನಿಜವಾಗ್ಲೂ ಮರ್ತೆಯಾ?"

"ಹೂಂ."

"ಮಾವ ಬಂದು ಹೇಳಿದ್ರು. 'ನಿಮ್ಮಪ್ಪಂಗೆ ವಯಸ್ಸಾಯ್ತು ಕಣಮ್ಮ, ಪಾಪ, ಹೋಗಿದ್ದು ಬಾ,' ಅಂದ್ರು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ರೆಲ್ಲ ಮೂರು ತಿಂಗ್ಳು ನಿನ್ನ ಬೈತಿದ್ರು. ನಾನು ಬಾಯಲ್ಲಿ, ಇಲ್ಲ, ಅಪ್ಪ ಅಂಥೋನಲ್ಲ, ಏನೋ ತಪ್ಪಾಗಿರ್ತದೆ ಅಂತಿದ್ದೆ. ಒಳ್ಗೆ ಮಾತ್ರ ನೀನು ಬೇಕು ಅಂತ್ಲೇ ಬಿಟ್ಟೆ ಅಂದ್ಕೊಂಡಿದ್ದೆ. ಯುಗಾದಿಗೆ ನನ್ನ ಕಳ್ಸಲಿಲ್ಲ ಅಂತ, ನಂಗೋಸ್ಕರ, ನಾನೂರು ಜನದ ಮುಂದೆ. ಸಗಣಿ ಬಾಚುವಾಗೆಲ್ಲ ಅದನ್ನೇ ನೆನೆಸ್ಕೊಂತಿದ್ದೆ. ನನ್ನ ಹಿಂದೆ ಒಬ್ಬ ಅವ್ನೆ ಅಂತ." ಅವಳ ಕಣ್ಣು ತುಂಬಿತು. "ನೀನು ಬೇಕು ಅಂತ್ಲೇ ಬಿಟ್ಟಿದ್ರೇ ಚೆನ್ನಾಗಿತ್ತು ಕಣಪ್ಪಾ."

ಹೂಂ, ಬೇಕೆಂದೇ ಬಿಟ್ಟೆ ಎಂದು ಈಗಲೂ ಅನ್ನಬಹುದಿತ್ತು. ಆದರೆ ಆ ಸುಳ್ಳನ್ನು ಚಪ್ಪರದ ಜನರೆಲ್ಲರ ಎದುರು ಕಳಚಿಟ್ಟು ಬಂದಾಗಿತ್ತು. ಹನುಮಂತಯ್ಯ ಮಾತು ಹುಡುಕಿದ. ಅದು ಎಲ್ಲೋ ಇತ್ತು, ಬರಲು ಹೊತ್ತು ಹಿಡಿಯಿತು. ಅಂಜಮ್ಮ ನಡುವೆ ಬಾಯಿ ಹಾಕದೆ ಕಾದಳು.

"ಸಿಟ್ಟು ಬಂದಿತ್ತು ಕಣೇ," ಎಂದ ಕೊನೆಗೆ. "ಯುಗಾದಿ ದಿನ, ನಿನ್ನ ಅಲ್ಲಿ ಬಿಟ್ಟು ಬರುವಾಗ ಭಾರಿ ಸಿಟ್ಟು ಬಂದಿತ್ತು. ಈ ಮನೆ ಹೆಸ್ರು ಇನ್ನು ನನ್ನ ಬಾಯಲ್ಲಿ ಬರಬಾರ್ದು ಅಂದ್ಕೊಂಡೆ. ಮಲ್ಲತ್ತಹಳ್ಳಿ ಏರಿ ವರ್ಗೂ ಅದನ್ನ ಹೊತ್ಕೊಂಡು ಬಂದೆ. ಏರಿ ಮೇಲೆ ಯಾರೋ ಮಾತಾಡ್ಸಿದ್ರು. ಆಮೇಲೆ ಮನೆಗೆ ಬಂದು ನೋಡ್ತೀನಿ, ಸಿಟ್ಟಿಲ್ಲ."

ಅಂಜಮ್ಮ ಅಳುತ್ತಲೇ ನಕ್ಕಳು.

"ಯಾರು ಮಾತಾಡ್ಸಿದ್ದು?" ಎಂದು ಕೇಳಿದಳು.

ಹನುಮಂತಯ್ಯ ಹೆಸರು ನೆನೆಸಿಕೊಳ್ಳುತ್ತಾ ಕೂತ. ಹಿತ್ತಲಿನಿಂದ ಲಿಂಗಮ್ಮ ಏನೋ ಕೂಗಿ ಕೇಳಿದಳು. ಅಂಜಮ್ಮ ಅತ್ತ ತಿರುಗದೆ, ಅಪ್ಪನ ಮುಖವನ್ನೇ ನೋಡುತ್ತಾ, ಸುಮ್ಮನಿರು ಎಂದು ಅಮ್ಮನಿಗೆ ಕೈ ಮಾಡಿದಳು.